ಗೋಕಾಕ ಫಾಲ್ಸ್: ನೀರನ್ನು ಹುಡುಕಿ ಬಂದ ಗಿರಣಿ

ಘಟಪ್ರಭಾ ನದಿಯು ಗೋಕಾಕದ ಬಳಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಹೋದವರೆಲ್ಲ ಜಲಪಾತವನ್ನೂ ತೂಗುಸೇತುವೆಯನ್ನೂ ನೋಡುತ್ತಾರೆ. ಕಮರಿಯ ತಳದಲ್ಲಿರುವ ಹಳೆಯ ಶಕ್ತಿಕೇಂದ್ರದತ್ತ ಕಣ್ಣು ಹಾಯಿಸುವವರು ಕಡಿಮೆ. ಈ ಬಾರಿ ನೀವು ಅದನ್ನೇ ಮೊದಲು ನೋಡಿ.

1885ರಲ್ಲಿ ಇಲ್ಲಿನ ನೂಲಿನ ಗಿರಣಿಗಾಗಿ ಕಂಪನಿಯನ್ನು ಸ್ಥಾಪಿಸಿದಾಗ ಅದಕ್ಕೆ ಇಟ್ಟ ಹೆಸರಿನಲ್ಲಿಯೇ ‘ವಾಟರ್ ಪವರ್’ ಎಂಬ ಪದಗಳಿದ್ದವು. ಸುತ್ತಲೂ ಹತ್ತಿ ಬೆಳೆಯುವ ಎರೆಭೂಮಿ. ಕಲ್ಲಿದ್ದಲು ಮಾತ್ರ ಬಲು ದೂರ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 1 ಘನ ಮೀಟರ್, ಅಂದರೆ 1000 ಕಿಲೋಗ್ರಾಂ ನೀರು 52 ಮೀಟರ್ ಬಿದ್ದರೆ 1000 × 9.8 × 52, ಸುಮಾರು 510 ಕಿಲೋವಾಟ್. ಅಶ್ವಶಕ್ತಿಯಲ್ಲಿ ಇದು 680ಕ್ಕೂ ಹೆಚ್ಚು. ಟರ್ಬೈನಿನಲ್ಲಿ ಒಂದಿಷ್ಟು ನಷ್ಟವಾದರೂ ಗಿರಣಿಗೆ ಇದೇನು ಸಣ್ಣ ಬಲವಲ್ಲ.

1887ರಲ್ಲಿ ದೇಶದ ಮೊದಲ ಜಲವಿದ್ಯುತ್ತು ಇಲ್ಲಿಯೇ ಉತ್ಪಾದನೆಯಾಯಿತು ಎಂಬ ಮಾತು ಪ್ರಚಾರದಲ್ಲಿದೆ. ಡಾರ್ಜಿಲಿಂಗಿನ ವಿದ್ಯುದಾಗಾರ 1897ರದು, ಶಿವನಸಮುದ್ರದ್ದು 1902ರದು. ಆದರೆ ಟರ್ಬೈನ್ ತಿರುಗಿದ ಮಾತ್ರಕ್ಕೆ ವಿದ್ಯುತ್ತು ಹುಟ್ಟುವುದಿಲ್ಲ. ತಿರುಗುವ ದಂಡದಿಂದ ನೇರವಾಗಿ ಯಂತ್ರಗಳನ್ನು ಓಡಿಸಬಹುದು, ಡೈನಮೊವನ್ನೂ ತಿರುಗಿಸಬಹುದು. ‘ಮೊದಲನೆಯದು’ ಎಂದವರನ್ನು ‘ಯಾವುದರಲ್ಲಿ?’ ಎಂದು ಕೇಳುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ನನ್ನ ದೃಷ್ಟಿಯಲ್ಲಿ ಗೋಕಾಕದ ಹಿರಿಮೆ ಬೇರೆಡೆ ಇದೆ. ಶಕ್ತಿಯನ್ನು ಬಲು ದೂರ ಸಾಗಿಸುವ ವಿದ್ಯೆ ಆಗಿನ್ನೂ ಪಕ್ವವಾಗಿರಲಿಲ್ಲ. ಆದ್ದರಿಂದ ಗಿರಣಿಯೇ ನೀರಿನ ಬಳಿಗೆ ಬರಬೇಕಾಯಿತು; ಅದರ ಹಿಂದೆಯೇ ಊರೂ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಲ್ಲಿಂದೀಚೆಗೆ ಕಾರ್ಖಾನೆಯು ಜಲಪಾತದ ಪಕ್ಕದಲ್ಲೇ ಇರಬೇಕೆಂಬ ಕಟ್ಟಳೆ ಸಡಿಲವಾಯಿತು. ಗೋಕಾಕ ಕಳೆದುಕೊಂಡ ಮೊದಲ ಸಂಪತ್ತು ಇದೇ.

ಎರಡನೆಯದು ನೀರು. ಜಲಪಾತಕ್ಕಿಂತ ಮೇಲೆ ಧೂಪದಾಳದ ಒಡ್ಡಿದೆ. ಕಾಲುವೆ ಅಲ್ಲಿಂದಲೇ ಹೊರಡುತ್ತದೆ. ಇನ್ನೂ ಮೇಲೆ, 1970ರ ದಶಕದಲ್ಲಿ ಕಟ್ಟಿದ ಹಿಡಕಲ್ ಜಲಾಶಯ ಸುಮಾರು 51 ಟಿಎಂಸಿ ನೀರನ್ನು ಹಿಡಿದಿಡಬಲ್ಲದು. ಅದರಿಂದ ಹೊಲಗಳು ಹಸಿರಾದವು; ತಪ್ಪೆನ್ನಲಾಗದು. ಆದರೆ ಬೇಸಿಗೆಯಲ್ಲಿ ಹೋದರೆ ಬರಿಯ ಬಂಡೆ ಕಾಣುತ್ತದೆ. ಯಾವ ಬೀಳುವ ನೀರಿಗಾಗಿ ಗಿರಣಿ ಇಲ್ಲಿಗೆ ಬಂದಿತೋ, ಅದು ಬೀಳುವ ಮೊದಲೇ ಕಾಲುವೆ ಹಿಡಿದಿರುತ್ತದೆ.