ಡಿಕ್ಸಿ ಚಿಕ್ಸ್ ವಿವಾದ
ಅಮೆರಿಕದ ಕಂಟ್ರಿ ಸಂಗೀತ ತಂಡ ಡಿಕ್ಸಿ ಚಿಕ್ಸ್‌ನ ಗಾಯಕಿ ನಟಾಲಿ ಮೇನ್ಸ್ ಇರಾಕ್ ಯುದ್ಧವನ್ನು ವಿರೋಧಿಸಿ ಆಡಿದ ಮಾತಿನಿಂದ 2003ರಲ್ಲಿ ಉಂಟಾದ ಸಾರ್ವಜನಿಕ ವಿವಾದ. ಕಲಾವಿದರ ವಾಕ್‌ಸ್ವಾತಂತ್ರ್ಯ ಹಾಗೂ ಅದಕ್ಕೆ ಎದುರಾಗುವ ಜನಾಕ್ರೋಶ ಕುರಿತ ಚರ್ಚೆಗಳಲ್ಲಿ ಪ್ರಮುಖ ನಿದರ್ಶನ.

ಹಿನ್ನೆಲೆ: 2003ರ ಮಾರ್ಚ್ 10ರಂದು, ಯುದ್ಧ ಆರಂಭಕ್ಕೆ ಹತ್ತು ದಿನ ಮೊದಲು, ಲಂಡನ್ನಿನ ಷೆಫರ್ಡ್ಸ್ ಬುಷ್ ಎಂಪೈರ್ ರಂಗಮಂದಿರದ ಸಂಗೀತ ಕಛೇರಿಯಲ್ಲಿ ಮೇನ್ಸ್, ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ತಮ್ಮ ತವರು ರಾಜ್ಯ ಟೆಕ್ಸಸ್‌ನವರೆಂಬುದು ನಾಚಿಕೆಯ ಸಂಗತಿ ಎಂದರು.

ಪರಿಣಾಮ: ಸುದ್ದಿ ಅಮೆರಿಕ ತಲುಪಿದೊಡನೆ ಅನೇಕ ಕಂಟ್ರಿ ರೇಡಿಯೊ ಕೇಂದ್ರಗಳು ತಂಡದ ಹಾಡುಗಳ ಪ್ರಸಾರ ನಿಲ್ಲಿಸಿದವು, ಕ್ಯುಮ್ಯುಲಸ್ ಸಂಸ್ಥೆ ತನ್ನ ಎಲ್ಲ ಕಂಟ್ರಿ ಕೇಂದ್ರಗಳಲ್ಲೂ ಅವನ್ನು ಕೈಬಿಟ್ಟಿತು. ಲೂಯಿಸಿಯಾನದಲ್ಲಿ ಪ್ರತಿಭಟನಕಾರರು ತಂಡದ ಸಿ.ಡಿ.ಗಳನ್ನು ಟ್ರ್ಯಾಕ್ಟರ್ ಹರಿಸಿ ಪುಡಿಮಾಡಿದರು. ಅಗ್ರಸ್ಥಾನದಲ್ಲಿದ್ದ ‘ಟ್ರಾವೆಲಿನ್ ಸೋಲ್ಜರ್’ ಗೀತೆ ಪಟ್ಟಿಯಲ್ಲಿ ದಿಢೀರನೆ ಕುಸಿಯಿತು. ಮೇನ್ಸ್ ಅಧ್ಯಕ್ಷರ ಕ್ಷಮೆ ಕೋರಿದರೂ ಕೊಲೆ ಬೆದರಿಕೆಗಳು ಬಂದವು. 2006ರಲ್ಲಿ ಅವರು ಆ ಕ್ಷಮಾಪಣೆಯನ್ನು ಹಿಂತೆಗೆದುಕೊಂಡರು.

ಕಾನೂನಿನ ನೆಲೆ: ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರದ ನಿರ್ಬಂಧದಿಂದ ಮಾತಿಗೆ ರಕ್ಷಣೆ ನೀಡುತ್ತದೆ, ಖಾಸಗಿ ಕೇಂದ್ರಗಳ ಅಥವಾ ಕೇಳುಗರ ಬಹಿಷ್ಕಾರಕ್ಕೆ ಅದು ಅನ್ವಯಿಸದು. ಬಹಿಷ್ಕಾರವೂ ಅಭಿವ್ಯಕ್ತಿಯೇ, ಬೆದರಿಕೆಗೆ ಆ ರಕ್ಷಣೆಯಿಲ್ಲ. ಒಂದೇ ಸಂಸ್ಥೆಯ ಕೈಯಲ್ಲಿ ಹಲವು ಕೇಂದ್ರಗಳಿದ್ದಾಗ ಅದರ ತೀರ್ಮಾನ ಭಿನ್ನಮತವನ್ನೇ ಅಡಗಿಸಬಲ್ಲದೆಂಬ ಆತಂಕ 2003ರ ಜುಲೈನಲ್ಲಿ ಸೆನೆಟ್ ಸಮಿತಿಯ ವಿಚಾರಣೆಯಲ್ಲೂ ವ್ಯಕ್ತವಾಯಿತು.

ಮಹತ್ತ್ವ: ವಿವಾದಕ್ಕೆ ಉತ್ತರವಾಗಿ ರಚಿತವಾದ ‘ನಾಟ್ ರೆಡಿ ಟು ಮೇಕ್ ನೈಸ್’ ಗೀತೆ ಹಾಗೂ ಅದನ್ನೊಳಗೊಂಡ ಆಲ್ಬಂಗಾಗಿ ತಂಡ 2007ರಲ್ಲಿ ಐದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 2006ರ ‘ಷಟ್ ಅಪ್ ಅಂಡ್ ಸಿಂಗ್’ ಸಾಕ್ಷ್ಯಚಿತ್ರ ಈ ಘಟನಾವಳಿಯನ್ನು ದಾಖಲಿಸಿದೆ. 2020ರಿಂದ ತಂಡದ ಹೆಸರು ‘ದ ಚಿಕ್ಸ್’.