ಮಂಡಿ ಒಂದೇ ಅಲ್ಲ, ದಾರಿಯೂ ಬೇಕು

"ಅಮ್ಮಮ್ಮ, ನೀನು ಇನ್ನು ಒಬ್ಬಳೇ ಎಲ್ಲಿಗೂ ಹೋಗಡ" ಹೇಳಿ ನಂಗ್ಳ ಕಡೆ ಎಲ್ಲರ ಮನೆಲೂ ಒಂದಲ್ಲ ಒಂದು ದಿನ ಹೇಳ್ತ. ಹೇಳದು ಪ್ರೀತಿಂದನೇ. ಆದ್ರೆ ಆವತ್ತಿಂದ ಅಮ್ಮಮ್ಮಂಗೆ ಪ್ಯಾಟೆ ತಪ್ಪಿತು, ತವರುಮನೆ ತಪ್ಪಿತು, ನೆಂಟರ ಮನೆ ಊಟ ತಪ್ಪಿತು. ಎಲ್ಲರೂ ಮಂಡಿನೋವಿಗೆ ಬೈತ. ದಾರಿದೂ ಒಂದು ಕಥೆ ಇದ್ದು, ಇವತ್ತು ಅದನ್ನೇ ಬರೀತಿ.

ಹಿಂದೆ ಹೆಂಗಸ್ರಿಗೆ 'ವಾಕಿಂಗು' ಹೇಳಿ ಬೇರೆ ಇರ್ಲಿಲ್ಲೆ. ಬೆಟ್ಟದಿಂದ ಸೊಪ್ಪು ತರದು, ತೋಟಕ್ಕೆ ಇಳಿದು ಹತ್ತದು, ಕೊಟ್ಟಿಗೆ ಕೆಲಸ, ಇದೇ ನಡಿಗೆ. ಸಾಗರ, ಹೊಸನಗರ, ತೀರ್ಥಹಳ್ಳಿಲಿ ಒಂದೊಂದು ತೋಟದ ತಲೆಗೆ ಒಂದೊಂದು ಮನೆ. ಪಕ್ಕದ ಮನೆಗೆ ಹೋಪಲೂ ಒಂದು ಏರು, ಒಂದು ಹಳ್ಳ. ಹಳ್ಳಕ್ಕೆ ಅಡಿಕೆ ಮರದ ಸಂಕ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಸಂಕ ಹರೆಯದವ್ಕೇ ಹೆದರಿಕೆ. ಹಿಡ್ಕಂಬಲೆ ಒಂದು ಬಿದಿರು ಕಟ್ಟದಿದ್ರೆ ವಯಸ್ಸಾದವು ಆಚೆ ದಡ ಕಾಣದು ದೀಪಾವಳಿ ಹೊತ್ತಿಗೇ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆತು. ನಾಡಿಗೆಲ್ಲ ಕರೆಂಟು ಬಂತು, ಸಾಗರದ ಕರೂರು ಹೋಬಳಿ, ತುಮರಿ ಕಡೆಯವರ ದಾರಿ ಮಾತ್ರ ನೀರಡಿಗೆ ಹೋತು. ಹೊಳೆಬಾಗಿಲಿನ ಲಾಂಚೇ ಗತಿ ಆತು. ಸಾಗರದ ಡಾಕ್ಟರ ಹತ್ರ ಹೋಪ ಅಜ್ಜಿ ದಡಕ್ಕೆ ಇಳಿದು, ಲಾಂಚು ಕಾದು, ದಾಟಿ, ಮತ್ತೆ ಬಸ್ಸು ಹತ್ತವು. ಡಾಕ್ಟರ ಎದುರು ಕೂತಾಗ್ಲೂ ಕಣ್ಣು ಗಡಿಯಾರದ ಮೇಲೆ, ಸಂಜೆ ಕೊನೆ ಲಾಂಚು ತಪ್ಪಿದ್ರೆ ಆ ರಾತ್ರಿ ಆಚೆನೇ. ಬೇಸಿಗೆಲಿ ನೀರು ತೀರಾ ಇಳಿದ್ರೆ ಲಾಂಚಿಗೆ ವಾಹನ ಹತ್ತಿಸದೂ ನಿಲ್ತಿತ್ತು. ನೆಡೆಯಲೆ ಆಗದವರನ್ನ ಕಾರಲ್ಲಿ ಕರ್ಕಂಡು ಹೋಪ ದಾರಿಯೂ ಮುಚ್ಚಿದ ಹಾಂಗೆ.

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರು ಆದದ್ದು 2025ರ ಜುಲೈ 14ಕ್ಕೆ. ಉದ್ದ ಸುಮಾರು 2.4 ಕಿಲೋಮೀಟರು, ಕಾದದ್ದು 61 ವರ್ಷ. ಪೇಪರಲ್ಲಿ ಸಿಗಂದೂರಿಗೆ ಹೋಪ ಭಕ್ತರ ಸುದ್ದಿ ಬಂತು. ಯಂಗೆ ನೆನಪಾದದ್ದು ಕೈಚೀಲ ಹಿಡ್ಕಂಡು ದಡದಲ್ಲಿ ಕೂರ್ತಿದ್ದ ಅಜ್ಜಿಯಕ್ಕ. ಆವಾಗ ಅರವತ್ತು ದಾಟಿದ್ದವರಲ್ಲಿ ಯಾರೂ ಈ ಸೇತುವೆ ಕಾಣಲಿಲ್ಲೆ.

ಬಸ್ಸಿಂದೂ ಹಾಂಗೇ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಲ್ಲಿ ಹೆಂಗಸ್ರಿಗೆ ಟಿಕೇಟಿನ ದುಡ್ಡು ಇಲ್ಲೆ ಹೇಳಿ ಆತು. "ಸ್ವಲ್ಪ ದುಡ್ಡು ಕೊಡಾ ತಮಾ" ಹೇಳಿ ಮಗನ ಹತ್ರ ಕೇಳದು ತಪ್ಪಿತು, ಅದು ಸಣ್ಣ ಮಾತಲ್ಲ. ಆದ್ರೆ ನಂಗ್ಳ ಒಳ ಹಳ್ಳಿಗೆ ಬಪ್ಪದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೀತಿಲ್ಲೆ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ತೀರ್ಥಹಳ್ಳಿ ಕಡೆಗೂ ಓಡ್ತಿತ್ತು, 2020ರಲ್ಲಿ ಅದೂ ನಿಂತು ಹೋತು. ತಾಳಗುಪ್ಪದ ರೈಲು ಇದ್ದು, ಆದ್ರೆ 58 ದಾಟಿದ ಹೆಂಗಸ್ರಿಗೆ ಇದ್ದ ಅರ್ಧ ಟಿಕೇಟಿನ ರಿಯಾಯಿತಿಯನ್ನ 2020ರ ಮಾರ್ಚಲ್ಲಿ ತೆಗೆದ. ಇಷ್ಟೆಲ್ಲ ದಾಟಿ ಬಂದ್ರೂ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ!

ಅದಕ್ಕೇ ಹೇಳದು, ಅಮ್ಮಮ್ಮ ಮನೆಲಿ ಕೂತದ್ದು ಕಾಲು ಸೋತದ್ದಕ್ಕೆ ಮಾತ್ರ ಅಲ್ಲ. ದಾರಿ ಸೋತಲ್ಲಿ ಕಾಲು ಕೂರ್ತು, ಕೂತ ಕಾಲು ಮತ್ತೂ ಸೋಲ್ತು. ಸೇತುವೆ ಕಟ್ಟದು ಸರ್ಕಾರದ ಕೆಲಸ. ಸಂಕಕ್ಕೆ ಹಿಡಿಕೆ ಕಟ್ಟದು, ಅಂಗಳದ ಪಾಚಿ ಕೆರೆಯದು, ಜಗಲಿ ಮೆಟ್ಟಿಲ ಪಕ್ಕ ಒಂದು ಕಂಬಿ ಹಾಕ್ಸದು, ಬಸ್ಸು ಹತ್ತಕಾರೆ ಒಂದು ಕೈ ಕೊಡದು ನಂಗ್ಳದೇ ಕೆಲಸ.

ಇನ್ನೊಂದ್ಸಲ "ಹೋಗಡ" ಹೇಳುವ ಮೊದಲು "ಎಲ್ಲಿ ಕಷ್ಟ ಆಗ್ತು ಅಮ್ಮಮ್ಮ?" ಹೇಳಿ ಕೇಳಿ ನೋಡಿ. ಮಂಡಿ ತೋರಿಸ್ತಾ, ಸಂಕ ತೋರಿಸ್ತಾ ಗೊತ್ತಾಗ್ತು.