ಪೋಕರ್ ಆಟದಲ್ಲಿ ಬ್ಲೈಂಡ್ ಕದಿಯುವ ತಂತ್ರ: ಇತಿಹಾಸ

ಪೋಕರ್ ಎಂಬ ಇಸ್ಪೀಟಾಟದಲ್ಲಿ ಎಲೆ ಹಂಚುವ ಮೊದಲೇ ಇಬ್ಬರು ಆಟಗಾರರು ಕಡ್ಡಾಯವಾಗಿ ಕಟ್ಟಬೇಕಾದ ಪಣಕ್ಕೆ ಬ್ಲೈಂಡ್ ಎಂದು ಹೆಸರು. ಎಲೆಗಳನ್ನು ಬಿಚ್ಚಿ ಹೋಲಿಸುವ ಹಂತಕ್ಕೆ ಹೋಗದೆ, ಪಣ ಏರಿಸಿದ ಮಾತ್ರಕ್ಕೇ ಅವರಿಬ್ಬರೂ ಎಲೆ ಬಿಟ್ಟು ಹಿಂದೆ ಸರಿಯುವಂತೆ ಮಾಡಿ ಆ ಹಣವನ್ನು ಗೆದ್ದುಕೊಳ್ಳುವುದನ್ನು ಬ್ಲೈಂಡ್ ಕದಿಯುವುದು ಎನ್ನುತ್ತಾರೆ. ಹಂಚುವವನ ಸ್ಥಾನವನ್ನು ಸೂಚಿಸುವ ಬಿಲ್ಲೆಯನ್ನು ಬಟನ್ ಎಂದು ಕರೆಯುತ್ತಾರೆ. ಅದರ ಎಡಕ್ಕೆ ಕುಳಿತ ಮೊದಲಿಗನು ಸಣ್ಣ ಬ್ಲೈಂಡನ್ನೂ ಎರಡನೆಯವನು ಸಾಮಾನ್ಯವಾಗಿ ಅದರ ಇಮ್ಮಡಿಯಷ್ಟಿರುವ ದೊಡ್ಡ ಬ್ಲೈಂಡನ್ನೂ ಕಟ್ಟುತ್ತಾರೆ. ತೀನ್ ಪತ್ತಿಯಲ್ಲಿ ಎಲೆ ನೋಡದೆ ಆಡುವುದು ಆಟಗಾರನ ಆಯ್ಕೆಯಾಗಿದ್ದರೆ, ಪೋಕರ್‌ನ ಬ್ಲೈಂಡ್ ಸರದಿಯಂತೆ ಎಲ್ಲರ ಮೇಲೂ ಬೀಳುವ ಋಣ. ಕದಿಯುವ ಯತ್ನ ಬಹುಮಟ್ಟಿಗೆ ಬಟನ್, ಅದರ ಬಲಕ್ಕಿರುವ ಕಟ್‌ಆಫ್ ಮತ್ತು ಸಣ್ಣ ಬ್ಲೈಂಡ್ ಸ್ಥಾನಗಳಿಂದ ನಡೆಯುತ್ತದೆ. ಏಕೆಂದರೆ ಉಳಿದವರೆಲ್ಲ ಆ ವೇಳೆಗೆ ಹಿಂದೆ ಸರಿದಿದ್ದು, ಎದುರಿಸಬೇಕಾದವರು ಕಡಿಮೆ ಇರುತ್ತಾರೆ.

ಹಿನ್ನೆಲೆ

ಈ ತಂತ್ರವು ಟೆಕ್ಸಾಸ್ ಹೋಲ್ಡೆಮ್ ಎಂಬ ಪ್ರಕಾರದೊಡನೆಯೇ ಹುಟ್ಟಿತೆಂಬ ಭಾವನೆ ಪೂರ್ತಿ ನಿಜವಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಡ್ರಾ ಪೋಕರ್‌ನಲ್ಲಿಯೂ ಹಂಚುವವನ ಎಡಗಡೆಯವನು ಎಲೆ ನೋಡುವ ಮೊದಲೇ ಪಣ ಕಟ್ಟುವ ಪದ್ಧತಿಯಿತ್ತು. ಪ್ರತಿಯೊಬ್ಬರೂ ಕಟ್ಟುವ ಆ್ಯಂಟಿ ಎಂಬ ಪ್ರವೇಶಪಣವೂ ಬಳಕೆಯಲ್ಲಿತ್ತು. ಕದಿಯಲು ಹಣವಿದ್ದರೂ ನಿಯಮವೇ ಅಡ್ಡಬಂದ ಸಂದರ್ಭಗಳುಂಟು: ಆ ಶತಮಾನದ ಉತ್ತರಾರ್ಧದಲ್ಲಿ ಹರಡಿದ ಜಾಕ್‌ಪಾಟ್ ಪದ್ಧತಿಯಲ್ಲಿ ಕನಿಷ್ಠ ಗುಲಾಮನ ಜೋಡಿಯಿಲ್ಲದವನು ಪಣ ಆರಂಭಿಸುವಂತಿರಲಿಲ್ಲ, ಆರಂಭಿಸಿದವನು ಕೊನೆಗೆ ಆ ಜೋಡಿಯನ್ನು ತೋರಿಸಲೇಬೇಕಿತ್ತು, ಹೀಗಾಗಿ ಬರಿಗೈಯಲ್ಲಿ ಮೊದಲ ಪಣ ಹೂಡಿ ಪ್ರವೇಶಪಣ ದೋಚುವ ದಾರಿ ಅಲ್ಲಿ ಮುಚ್ಚಿತ್ತು. ಮೊದಲು ಪಣ ಹೂಡುವವನಿಗೆ ಯಾವ ಅರ್ಹತೆಯನ್ನೂ ವಿಧಿಸದ ಆಟಗಳು ಮೇಲುಗೈ ಪಡೆದ ಮೇಲಷ್ಟೇ ಈ ತಂತ್ರಕ್ಕೆ ವಿಸ್ತಾರ ದೊರೆಯಿತು.

ಅಂಥ ಆಟವಾದ ಹೋಲ್ಡೆಮ್‌ನ ತವರು ಟೆಕ್ಸಾಸ್‌ನ ರಾಬ್ಸ್‌ಟೌನ್ ಎಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ನಿರ್ಣಯ ಅಂಗೀಕರಿಸಿತಾದರೂ ಅದಕ್ಕೆ ಆಧಾರ ಸ್ಥಳೀಯ ಪರಂಪರೆಯೇ ಹೊರತು ಸಮಕಾಲೀನ ದಾಖಲೆಯಲ್ಲ. ಫೆಲ್ಟನ್ ಮೆಕಾರ್ಕೊಡೇಲ್ 1963ರಲ್ಲಿ ಈ ಆಟವನ್ನು ಲಾಸ್ ವೇಗಾಸ್‌ಗೆ ತಂದನೆಂಬ ವೃತ್ತಾಂತವೂ ಜೂಜುಗಾರರ ನೆನಪುಗಳನ್ನೇ ಅವಲಂಬಿಸಿದೆ. 1970ರಲ್ಲಿ ಬೆನ್ನಿ ಬಿನಿಯನ್ ತನ್ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯಾವಳಿಯನ್ನು ಆರಂಭಿಸಿದನು.

ಗ್ರಂಥಗಳಲ್ಲಿ

ತಂತ್ರದ ಲಿಖಿತ ಚರಿತ್ರೆ 1970ರ ದಶಕದ ಉತ್ತರಾರ್ಧದಲ್ಲಿ ಸ್ಪಷ್ಟಗೊಳ್ಳುತ್ತದೆ. ಡೇವಿಡ್ ಸ್ಕ್ಲಾನ್‌ಸ್ಕಿಯ ಹೋಲ್ಡೆಮ್ ಕೈಪಿಡಿ 1976ರಲ್ಲಿ ಬಂದಿತು. ವರ್ಲ್ಡ್ ಸೀರೀಸ್‌ನ 1976 ಮತ್ತು 1977ರ ವಿಜೇತ ಡಾಯ್ಲ್ ಬ್ರನ್ಸನ್ 1978ರಲ್ಲಿ ಇತರ ಪರಿಣತರೊಡನೆ ಸೂಪರ್ ಸಿಸ್ಟಮ್ ಗ್ರಂಥವನ್ನು ಸ್ವತಃ ಪ್ರಕಟಿಸಿದನು. ಯಾರೂ ಹಕ್ಕು ಸಾಧಿಸದ ಚಿಕ್ಕಚಿಕ್ಕ ಪಣಗಳನ್ನು ಸತತವಾಗಿ ಗೆಲ್ಲುತ್ತ ಹೋದರೆ ಆ ಗಳಿಕೆಯೇ ದೊಡ್ಡ ಅಪಾಯಗಳನ್ನು ಎದುರಿಸಲು ಬಂಡವಾಳವಾಗುತ್ತದೆ ಎಂಬುದು ಬ್ರನ್ಸನ್‌ನ ವಾದದ ಸಾರ. ಸ್ಕ್ಲಾನ್‌ಸ್ಕಿ ಇದನ್ನು ಲೆಕ್ಕಕ್ಕೆ ಇಳಿಸಿದನು: ಪೋಕರ್‌ನ ಪ್ರತಿ ಹೋರಾಟವೂ ಮೂಲತಃ ಕಡ್ಡಾಯ ಪಣಕ್ಕಾಗಿಯೇ ಆರಂಭವಾಗುವುದರಿಂದ, ಆ ಪಣದ ಗಾತ್ರವೇ ಆಟದ ವೇಗವನ್ನು ನಿರ್ಧರಿಸಬೇಕು ಎಂದನು. ಸದ್ಯಕ್ಕೆ ದುರ್ಬಲವಾಗಿದ್ದರೂ ಮುಂದೆ ಸುಧಾರಿಸಬಲ್ಲ ಎಲೆಗಳಿಂದ ಹೂಡುವ ಸೆಮಿಬ್ಲಫ್ ಎಂಬ ಅವನ ಪರಿಕಲ್ಪನೆ, ಕದಿಯುವ ಯತ್ನವನ್ನು ಬರಿಯ ಬೂಟಾಟಿಕೆಯ ಸಾಲಿನಿಂದ ಹೊರತಂದಿತು.

ಲೆಕ್ಕದ ತಿರುಳು ಸರಳವಾದುದು. ಸಣ್ಣ ಬ್ಲೈಂಡ್ 50, ದೊಡ್ಡ ಬ್ಲೈಂಡ್ 100 ಇರುವಲ್ಲಿ ಬಟನ್‌ನಲ್ಲಿರುವವನು 300ಕ್ಕೆ ಏರಿಸಿದರೆ, 150ನ್ನು ಗೆಲ್ಲಲು 300ನ್ನು ಒಡ್ಡಿದಂತಾಗುತ್ತದೆ. ಎದುರಾಳಿಗಳು ಮೂರರಲ್ಲಿ ಎರಡು ಬಾರಿ, ಅಂದರೆ ಶೇ. 66.7ರಷ್ಟು ಸಲ, ಹಿಂದೆ ಸರಿದರೆ ಮಾತ್ರ ಬರಿಗೈ ಯತ್ನಕ್ಕೆ ನಷ್ಟವಾಗುವುದಿಲ್ಲ. ಇಬ್ಬರೂ ತಲಾ ಶೇ. 80ರಷ್ಟು ಸಲ ಎಲೆ ಬಿಡುವವರೇ ಆಗಿದ್ದರೂ, ಇಬ್ಬರೂ ಒಟ್ಟಿಗೆ ಬಿಡುವ ಸಾಧ್ಯತೆ ಶೇ. 64 ಮಾತ್ರವಾಗಿ ಯತ್ನ ಸೋಲುತ್ತದೆ. ಅದೇ ಆಟಗಾರ 200ಕ್ಕೆ ನಿಲ್ಲಿಸಿದರೆ ಬೇಕಾಗುವ ಯಶಸ್ಸು ಶೇ. 57.1ಕ್ಕೆ ಇಳಿಯುತ್ತದೆ, ಆದರೆ ಏರಿಕೆ ಚಿಕ್ಕದಾದಷ್ಟೂ ದೊಡ್ಡ ಬ್ಲೈಂಡ್ ಕಟ್ಟಿದವನು ಉಳಿದ ಹಣ ತುಂಬಿ ಆಟದಲ್ಲಿ ಉಳಿಯುವುದು ಸುಲಭವಾಗುತ್ತದೆ. ಏರಿಕೆಯ ಗಾತ್ರದ ಬಗೆಗಿನ ವಾದಗಳೆಲ್ಲ ಈ ಎರಡು ಒತ್ತಡಗಳ ನಡುವೆ ನಡೆದಿವೆ.

ಪಂದ್ಯಾವಳಿಗಳಲ್ಲಿ ನಿಗದಿತ ಅವಧಿಗೊಮ್ಮೆ ಬ್ಲೈಂಡ್ ಹೆಚ್ಚುವುದರಿಂದ ಕದಿಯುವುದು ಲಾಭದ ಮಾತಾಗಿ ಉಳಿಯದೆ ಉಳಿವಿನ ಅಗತ್ಯವಾಯಿತು. 2004ರಿಂದ ಪ್ರಕಟವಾದ ಡ್ಯಾನ್ ಹ್ಯಾರಿಂಗ್ಟನ್‌ನ ಸಂಪುಟಗಳು ಇದಕ್ಕೆ ಎಂ ಎಂಬ ಮಾನವನ್ನು ಜನಪ್ರಿಯಗೊಳಿಸಿದವು. ಬ್ಲೈಂಡ್‌ಗಳು 200 ಮತ್ತು 400, ಎಂಟು ಜನರ ಆ್ಯಂಟಿ ತಲಾ 50 ಎಂದಾದರೆ ಒಂದು ಸುತ್ತಿನ ವೆಚ್ಚ 1,000. ಕೈಯಲ್ಲಿ 6,000 ಇರುವವನ ಎಂ 6, ಅಂದರೆ ಏನನ್ನೂ ಗೆಲ್ಲದಿದ್ದರೆ ಅವನು ಆರು ಸುತ್ತು ಬಾಳಬಲ್ಲ.

ದತ್ತಾಂಶದ ಕಾಲ

ನಿಜವಾದ ತಿರುವು ಪುಸ್ತಕಗಳಿಂದಲ್ಲ, ದಾಖಲೆಗಳಿಂದ ಬಂದಿತು. 1998ರಲ್ಲಿ ಪ್ಲಾನೆಟ್ ಪೋಕರ್ ತಾಣವು ನೈಜ ಹಣದ ಆನ್‌ಲೈನ್ ಆಟವನ್ನು ಆರಂಭಿಸಿದ ಬಳಿಕ ಪ್ರತಿ ಆಟದ ವಿವರವೂ ಕಡತವಾಗಿ ಉಳಿಯತೊಡಗಿತು. ಪೋಕರ್‌ಟ್ರ್ಯಾಕರ್‌ನಂತಹ ತಂತ್ರಾಂಶಗಳು ಅವನ್ನು ಎಣಿಸಿ, ಆಟಗಾರನೊಬ್ಬ ಶೇಕಡ ಎಷ್ಟು ಸಲ ಬ್ಲೈಂಡ್ ಕದಿಯಲು ಯತ್ನಿಸುತ್ತಾನೆ ಎಂದು ತೋರಿಸಿದವು. ಉದ್ದೇಶವನ್ನು ಎಣಿಸಲಾಗದ ಕಾರಣ ಯಂತ್ರವು ಸ್ಥಾನವನ್ನು ಎಣಿಸಿತು: ಕೈಯಲ್ಲಿ ಎಕ್ಕದ ಜೋಡಿಯೇ ಇದ್ದರೂ ಬಟನ್‌ನಿಂದ ಮೊದಲು ಏರಿಸಿದರೆ ಅದು ಕದಿಯುವ ಯತ್ನವೆಂದೇ ದಾಖಲಾಗುತ್ತಿತ್ತು. ಆರಂಭದ ಆವೃತ್ತಿಗಳು ಬಟನ್ ಮತ್ತು ಕಟ್‌ಆಫ್ ಸ್ಥಾನಗಳನ್ನಷ್ಟೇ ಪರಿಗಣಿಸಿದರೆ, ನಂತರದವು ಸಣ್ಣ ಬ್ಲೈಂಡನ್ನೂ ಸೇರಿಸಿದವು. ಆದ್ದರಿಂದ ಬೇರೆ ಬೇರೆ ವರ್ಷಗಳ ಬರಹಗಳಲ್ಲಿ ಕಾಣುವ ಶೇಕಡಾವಾರುಗಳನ್ನು ನೇರವಾಗಿ ಹೋಲಿಸುವುದು ತಪ್ಪಾಗುತ್ತದೆ.

ಇದೇ ಕಡತಗಳು ನ್ಯಾಯಾಲಯದ ಚರ್ಚೆಗೂ ಒದಗಿದವು. ಸಿಜಿಟಲ್ ಸಂಸ್ಥೆ 2009ರಲ್ಲಿ ಸುಮಾರು 10.3 ಕೋಟಿ ಆಟಗಳನ್ನು ಪರಿಶೀಲಿಸಿ, ಶೇ. 75.7ರಷ್ಟು ಆಟಗಳು ಎಲೆ ತೋರಿಸುವ ಮೊದಲೇ ಮುಗಿಯುತ್ತವೆ ಎಂದಿತು. ಇದನ್ನು ಪೋಕರ್ ಕೌಶಲದ ಆಟವೆಂಬ ವಾದಕ್ಕೆ ಬಳಸಲಾಯಿತು. ಭಾರತದಲ್ಲಿಯೂ ಕೌಶಲವೇ ಅದೃಷ್ಟವೇ ಎಂಬ ಪ್ರಶ್ನೆ ಎದ್ದು, ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೌಶಲದ ಆಟವಾಗಿ ನಡೆಯುವ ಪೋಕರ್‌ಗೆ ಪರವಾನಗಿ ಬೇಡವೆಂದಿತು. ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2021ರ ರಾಜ್ಯ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಅದೇ ನ್ಯಾಯಾಲಯ 2022ರಲ್ಲಿ ರದ್ದುಗೊಳಿಸಿತು. ಆದರೆ 2025ರ ಕೇಂದ್ರ ಕಾಯಿದೆ ಕೌಶಲ, ಅದೃಷ್ಟವೆಂಬ ಭೇದವೆಣಿಸದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು.

ಗಣಕದ ತೀರ್ಮಾನಗಳು

2015ರಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದ ಸಿಫಿಯಸ್ ಎಂಬ ತಂತ್ರಾಂಶ, ಪಣಕ್ಕೆ ಮಿತಿಯಿರುವ ಇಬ್ಬರ ಹೋಲ್ಡೆಮ್ ಆಟವನ್ನು ಬಹುತೇಕ ಪೂರ್ಣವಾಗಿ ಬಿಡಿಸಿತು. ಅದರ ಪ್ರಕಾರ ಸಣ್ಣ ಬ್ಲೈಂಡ್ ಕಟ್ಟಿದವನು ಏರಿಸಬೇಕು ಇಲ್ಲವೇ ಬಿಡಬೇಕು, ಏರಿಸದೆ ಬರಿದೆ ಸರಿಗಟ್ಟುವುದು ಬಹುತೇಕ ಎಂದೂ ಸಲ್ಲದು. ನೋಮ್ ಬ್ರೌನ್ ಮತ್ತು ಟೂಮಸ್ ಸ್ಯಾಂಡ್‌ಹೋಮ್ ರೂಪಿಸಿದ 2019ರ ಪ್ಲೂರಿಬಸ್ ತಂತ್ರಾಂಶ, ಆರು ಜನರ ಮಿತಿಯಿಲ್ಲದ ಆಟದಲ್ಲಿ, ಬರಿದೆ ಸರಿಗಟ್ಟುವುದು ಸಣ್ಣ ಬ್ಲೈಂಡ್‌ನವನ ಹೊರತು ಬೇರಾರಿಗೂ ಹಿತವಲ್ಲ ಎಂದು ತೋರಿಸಿತು. ಇವೆರಡು ಪರಸ್ಪರ ವಿರುದ್ಧವೆಂದು ತೋರಿದರೂ ಹಾಗಲ್ಲ. ಪಣದ ನಿಯಮ ಬೇರೆಯಾಗಿರುವುದರ ಜೊತೆಗೆ, ಇಬ್ಬರ ಆಟದಲ್ಲಿ ಸಣ್ಣ ಬ್ಲೈಂಡ್ ಹಂಚುವವನದೇ ಆಗಿದ್ದು ಮುಂದಿನ ಸುತ್ತುಗಳಲ್ಲಿ ಅವನು ಕೊನೆಗೆ ಆಡುವ ಅನುಕೂಲ ಪಡೆಯುತ್ತಾನೆ, ಆರು ಜನರಲ್ಲಿ ಅದೇ ಬ್ಲೈಂಡ್ ಕಟ್ಟಿದವನು ಮೊದಲು ಆಡುವ ಕಷ್ಟಕ್ಕೆ ಸಿಲುಕುತ್ತಾನೆ.

ಪಂದ್ಯಾವಳಿಗಳಲ್ಲಿ 2018ರ ಹೊತ್ತಿಗೆ ಎಲ್ಲರ ಆ್ಯಂಟಿಯನ್ನೂ ದೊಡ್ಡ ಬ್ಲೈಂಡ್‌ನವನೊಬ್ಬನೇ ಕಟ್ಟುವ ಪದ್ಧತಿ ಹರಡಿತು. ಬ್ಲೈಂಡ್‌ಗಳು 50 ಮತ್ತು 100 ಇದ್ದ ಮೇಲಿನ ಉದಾಹರಣೆಗೆ 100ರ ಆ್ಯಂಟಿ ಸೇರಿದರೆ ಗೆಲ್ಲಬಹುದಾದ ಮೊತ್ತ 250 ಆಗುತ್ತದೆ. 225ಕ್ಕೆ ಏರಿಸುವವನಿಗೆ ಶೇ. 47.4ರಷ್ಟು ಯಶಸ್ಸು ಸಾಕು. ಹಿಂದಿನ ತಲೆಮಾರು ಮೂರು ಪಟ್ಟು ಏರಿಸುತ್ತಿದ್ದ ಕಡೆ ಇಂದಿನವರು ಎರಡರಿಂದ ಎರಡೂವರೆ ಪಟ್ಟಿಗೆ ನಿಲ್ಲಿಸಿ, ಹೆಚ್ಚು ಬಗೆಯ ಎಲೆಗಳಿಂದ ಕದಿಯಲು ಯತ್ನಿಸುವುದಕ್ಕೆ ಶೇ. 66.7 ಮತ್ತು ಶೇ. 47.4ರ ನಡುವಿನ ಈ ಅಂತರವೇ ಒಂದು ಮುಖ್ಯ ಕಾರಣ.